ಅಂಗಡಿ ಮಿಠಾಯಿಯಿಂದ ಕ್ರಿಸ್‌ಮಸ್ ತಟ್ಟೆ: ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರ್ ಎರಡನೇ ವಾರ ಬಂತೆಂದರೆ ನನಗೆ ಬರುವ ಕರೆಗಳೆಲ್ಲ ಹೆಚ್ಚುಕಮ್ಮಿ ಒಂದೇ ಬಗೆಯವು. ಚಾಕೊಲೇಟ್ ಕರಗಿಸಲು ಹೋಗಿ ಮುದ್ದೆ ಮಾಡಿಕೊಂಡವರು, ರಜೆಯಲ್ಲಿರುವ ಮಕ್ಕಳ ಕೈಗೆ ಏನಾದರೂ ಕೆಲಸ ಕೊಡಬೇಕೆನ್ನುವವರು, ಮಾರ್ಷ್‌ಮೆಲ್ಲೊ ಸಸ್ಯಾಹಾರವೇ ಎಂದು ಕೇಳುವವರು. ನಾನು ಮಂಗಳೂರಿನ ಕಡೆಯವಳು, ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷ ದಾಟಿತು. ಹಬ್ಬದ ಹಿಂದಿನ ಭಾನುವಾರ ನಮ್ಮ ಬೀದಿಯ ಹತ್ತು ಹನ್ನೆರಡು ಮಕ್ಕಳು ನಮ್ಮನೆಯ ಊಟದ ಮೇಜಿನ ಸುತ್ತ ಕೂತು, ಅಂಗಡಿಯಿಂದ ತಂದ ಚಾಕೊಲೇಟು, ಜೆಮ್ಸ್, ಪೆಪ್ಪರ್‌ಮಿಂಟುಗಳಿಂದ ದೊಡ್ಡದೊಂದು ತಟ್ಟೆ ತುಂಬುವಷ್ಟು ತಿಂಡಿ ಮಾಡುತ್ತಾರೆ. ಆ ಮೇಜಿನ ಮೇಲೆ ಕಲಿತದ್ದನ್ನು, ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನಿಟ್ಟು ಇಲ್ಲಿ ಬರೆದಿದ್ದೇನೆ.

## ಮೊದಲ ಸಲ ಮಾಡುವವರಿಗೆ

ಅಂಗಡಿ ಚಾಕೊಲೇಟ್ ಕರಗಿಸಿ ಇನ್ನೊಂದು ಆಕಾರ ಮಾಡೋದೂ ಒಂದು ಅಡುಗೆನಾ? ಕುಸ್ವಾರ್ ಮಾಡೋ ಮನೇಲಿ ಇದೆಲ್ಲ ಯಾಕೆ?

ಕುಸ್ವಾರ್ ಅಂದರೆ ನಮ್ಮ ಕರಾವಳಿಯ ಕ್ರೈಸ್ತರು ಕ್ರಿಸ್‌ಮಸ್ಸಿಗೆ ಮಾಡಿ ಹಂಚುವ ತಿಂಡಿಗಳು. ನಮ್ಮ ಮನೆಯಲ್ಲಿ ಅದು ಇಂದಿಗೂ ಆಗುತ್ತದೆ. ನೆವ್ರಿ, ಕಿಡಿಯೊ, ಗುಳಿಯೊ, ರೋಸ್ ಕುಕ್ಕಿ ಇಲ್ಲದ ಕ್ರಿಸ್‌ಮಸ್ ನನಗೆ ಹಬ್ಬವೇ ಅಲ್ಲ. ಆದರೆ ಅದರ ಕೆಲಸ ಹೆಚ್ಚಿನದು ನಡೆಯುವುದು ಕಾದ ಎಣ್ಣೆಯ ಬಾಣಲೆಯ ಮುಂದೆ. ಮಕ್ಕಳಿಗೆ ಅಲ್ಲಿ ಸಿಗುವ ಪಾಲು ಬಾಚಣಿಗೆಯ ಮೇಲೆ ಕಿಡಿಯೊ ಹಿಟ್ಟು ಒತ್ತಿ ಸುರುಳಿ ಸುತ್ತುವುದಷ್ಟೇ, ಆಮೇಲೆ "ಆಚೆ ಹೋಗಿ, ಎಣ್ಣೆ ಸಿಡಿಯುತ್ತೆ" ಎಂದು ಓಡಿಸುತ್ತೇವೆ. ಅಂಗಡಿ ಮಿಠಾಯಿಯ ತಟ್ಟೆ ಆ ಮಕ್ಕಳದ್ದು. ಆರು ವರ್ಷದ ಹುಡುಗಿ ತಾನೇ ಮಾಡಿ, ತಾನೇ ಪೊಟ್ಟಣ ಕಟ್ಟಿ, ತಾನೇ ಪಕ್ಕದ ಮನೆಗೆ ಕೊಟ್ಟು ಬರಬಹುದು. ಈ ತಟ್ಟೆ ಕುಸ್ವಾರಿನ ಪಕ್ಕದಲ್ಲಿರಲಿ, ಅದರ ಜಾಗಕ್ಕೆ ಬರುವುದು ಬೇಡ.

ಏನೇನು ತಂದಿಟ್ಕೋಬೇಕು ಅಂತ ಪಟ್ಟಿ ಕೊಡ್ತೀರಾ ಅಕ್ಕಾ?

ಹತ್ತು ಮಕ್ಕಳ ಲೆಕ್ಕಕ್ಕೆ: ಅರ್ಧ ಕಿಲೋ ಡಾರ್ಕ್ ಕಾಂಪೌಂಡ್ ಸ್ಲ್ಯಾಬು, ಕಾಲು ಕಿಲೋ ಬಿಳಿಯದು, ಜೆಮ್ಸ್ ದೊಡ್ಡ ಪ್ಯಾಕೆಟ್ಟು ಒಂದು, ಮಾರ್ಷ್‌ಮೆಲ್ಲೊ ಒಂದು ಪ್ಯಾಕೆಟ್ಟು, ಕಾರ್ನ್‌ಫ್ಲೇಕ್ಸ್, ಮಾರಿ ಬಿಸ್ಕತ್ತು, ಕಡಲೆಕಾಯಿ ಚಿಕ್ಕಿ, ಟೂಟಿ ಫ್ರೂಟಿ, ಬೆಣ್ಣೆ. ಇವುಗಳ ಜೊತೆಗೆ ಬಟರ್ ಪೇಪರ್ ಮರೆಯಬೇಡಿ. ಅದಿಲ್ಲದೆ ತಟ್ಟೆಗೆ ತುಪ್ಪ ಸವರಿ ಮಾಡಿದರೆ ಚಾಕೊಲೇಟು ಹಿಡಿದುಕೊಂಡು ಏಳುವುದಿಲ್ಲ. ಹಳೇ ದಿನಪತ್ರಿಕೆ ಹಾಸಲೇಬೇಡಿ, ಮುದ್ರಣದ ಶಾಯಿ ತಿಂಡಿಗೆ ಹತ್ತುತ್ತದೆ.

ಸ್ಲ್ಯಾಬುಗಳು ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುತ್ತವೆ. ಜೆಮ್ಸ್ ಪ್ಯಾಕೆಟ್ಟು ಬಿಚ್ಚಿದ ಕೂಡಲೇ ಕೆಂಪು, ಹಸಿರನ್ನು ಬೇರೆ ಬಟ್ಟಲಿಗೆ ಆರಿಸಿಡಿ. ಉಳಿದ ಬಣ್ಣಗಳು ಕೆಲಸ ಮಾಡುವವರ ಬಾಯಿಗೆ. ಈ ಒಪ್ಪಂದ ಮೊದಲೇ ಆಗಿದ್ದರೆ ಕೆಂಪು ಜೆಮ್ಸ್ ಕೊನೆಯವರೆಗೂ ಉಳಿಯುತ್ತದೆ.

ಕಾಂಪೌಂಡ್ ಅಂದ್ರೆ ನಕಲಿ ಚಾಕೊಲೇಟಾ?

ನಕಲಿ ಅನ್ನುವ ಮಾತು ಬೇಡ, ಬೇರೆ ಪದಾರ್ಥ ಅನ್ನಿ. ನಿಜವಾದ ಚಾಕೊಲೇಟಿನಲ್ಲಿರುವ ಕೊಬ್ಬು ಕೋಕೋ ಬೆಣ್ಣೆ. ಅದು ಸುಮಾರು 34 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಅಂದರೆ ನಮ್ಮ ಬಾಯಿಯ ಶಾಖಕ್ಕಿಂತ ಸ್ವಲ್ಪ ಕೆಳಗೆ. ಒಳ್ಳೆಯ ಚಾಕೊಲೇಟು ನಾಲಿಗೆಯ ಮೇಲೆ ತಾನಾಗಿ ಇಳಿದುಹೋಗುವುದು ಅದಕ್ಕೇ. ಆದರೆ ಕೋಕೋ ಬೆಣ್ಣೆ ಹಟಮಾರಿ. ಒಮ್ಮೆ ಕರಗಿಸಿ ಸುಮ್ಮನೆ ಆರಲು ಬಿಟ್ಟರೆ ಮಂಕಾಗುತ್ತದೆ, ಮೆತ್ತಗಾಗುತ್ತದೆ. ಕಾಂಪೌಂಡಿನಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುತ್ತದೆ. ಅದನ್ನು ಕರಗಿಸಿ ಅಚ್ಚಿಗೆ ಹೊಯ್ದರೆ ಯಾವ ಉಪಚಾರವೂ ಬೇಡ, ತಾನೇ ಗಟ್ಟಿಯಾಗಿ ಹೊಳೆಯುತ್ತದೆ.

ಬಿಸ್ಕತ್ತು ಅದ್ದಲು, ಅಂಟಿಸಲು, ಮಕ್ಕಳ ಕೆಲಸಕ್ಕೆ ಕಾಂಪೌಂಡೇ ಸರಿ. ಚಾಕೊಲೇಟೇ ಮುಖ್ಯವಾದ ತಿಂಡಿಗೆ ನಿಜವಾದದ್ದನ್ನು ತನ್ನಿ. ಪ್ಯಾಕೆಟ್ಟಿನ ಹಿಂದೆ ಓದಿದರೆ ಎರಡರ ವ್ಯತ್ಯಾಸ ಗೊತ್ತಾಗುತ್ತದೆ: ಕೋಕೋ ಬೆಣ್ಣೆಯ ಹೆಸರಿದೆಯೋ, ಸಸ್ಯಜನ್ಯ ಕೊಬ್ಬಿನ ಹೆಸರಿದೆಯೋ ನೋಡಿ.

ನಮ್ಮ ಜಿಲ್ಲೆಯ ಅಭಿಮಾನ ಬಿಡಲಾರದೆ ಒಂದು ಮಾತು. ಅಡಿಕೆ ಬೆಳೆಗಾರರು 1973ರಲ್ಲಿ ಕಟ್ಟಿದ ಕ್ಯಾಂಪ್ಕೊ ಸಹಕಾರ ಸಂಸ್ಥೆ, 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಅಡಿಕೆ ತೋಟದ ನೆರಳಲ್ಲಿ ಬೆಳೆದ ಕೋಕೋ ನಮ್ಮೂರಿನಲ್ಲೇ ಚಾಕೊಲೇಟಾಗುವುದನ್ನು ನೋಡಿ ಬೆಳೆದವರು ನಾವು. ಹಬ್ಬದ ತಟ್ಟೆಗೆ ಅಲ್ಲಿಯದನ್ನೂ ಒಂದಷ್ಟು ಸೇರಿಸುವುದು ನನ್ನ ರೂಢಿ.

ನಮ್ಮನೇಲಿ ಮೈಕ್ರೊವೇವ್ ಇಲ್ಲ. ಒಲೆ ಮೇಲೆ ನೇರವಾಗಿ ಕರಗಿಸಬಹುದಾ?

ನೇರವಾಗಿ ಬೇಡ, ತಳ ಹತ್ತುತ್ತದೆ. ಪಾತ್ರೆಯಲ್ಲಿ ಎರಡು ಬೆರಳು ನೀರು ಕಾಯಿಸಿ, ಕುದಿ ಬಂದ ಮೇಲೆ ಒಲೆ ಆರಿಸಿ. ಅದರ ಮೇಲೆ ಸರಿಯಾಗಿ ಕೂರುವ ಸ್ಟೀಲ್ ಬಟ್ಟಲಿಟ್ಟು ಸಣ್ಣಗೆ ಹೆಚ್ಚಿದ ಚಾಕೊಲೇಟು ಹಾಕಿ. ಬಟ್ಟಲಿನ ತಳ ನೀರಿಗೆ ತಾಗಬಾರದು. ಮುಕ್ಕಾಲು ಭಾಗ ಕರಗಿದಾಗ ಇಳಿಸಿಬಿಡಿ, ಉಳಿದದ್ದು ಕೈಯಾಡಿಸುತ್ತಾ ಆ ಬಿಸಿಗೇ ಕರಗುತ್ತದೆ. ಮೈಕ್ರೊವೇವ್ ಇದ್ದವರು ಅರ್ಧ ಪವರಿನಲ್ಲಿ 30 ಸೆಕೆಂಡ್ ಇಟ್ಟು, ತೆಗೆದು ಕಲಕಿ, ಮತ್ತೆ 30 ಸೆಕೆಂಡ್ ಇಡಿ. ಅದರೊಳಗೆ ಚಾಕೊಲೇಟ್ ತುಂಡು ಕರಗಿದ ಮೇಲೂ ಆಕಾರ ಬಿಡದೆ ನಿಂತಿರುತ್ತದೆ. ಕರಗಿಲ್ಲವೆಂದು ಭ್ರಮಿಸಿ ಇನ್ನೂ ಎರಡು ನಿಮಿಷ ಇಟ್ಟು ಸುಟ್ಟವರನ್ನು ಬಹಳ ನೋಡಿದ್ದೇನೆ.

ಚೆನ್ನಾಗೇ ಕರಗ್ತಿತ್ತು, ಒಂದೇ ಸಲಕ್ಕೆ ಮುದ್ದೆಯಾಗಿ ಮರಳು ಮರಳಾಯ್ತು. ಎಸೆಯೋದಾ?

ಎಸೆಯಬೇಡಿ. ಅದಕ್ಕೆ ನೀರು ತಾಗಿದೆ. ಒದ್ದೆ ಚಮಚ, ಬಟ್ಟಲಿನಂಚಿನ ಹನಿ, ಪಕ್ಕದ ಒಲೆಯ ಇಡ್ಲಿ ಪಾತ್ರೆಯ ಹಬೆ, ಏನು ಬೇಕಾದರೂ ಇರಬಹುದು. ಚಾಕೊಲೇಟೆಂದರೆ ಕೊಬ್ಬಿನಲ್ಲಿ ತೇಲುವ ಸಕ್ಕರೆ ಮತ್ತು ಕೋಕೋದ ಒಣ ಕಣಗಳು. ಒಂದು ಹನಿ ನೀರು ಬಿದ್ದರೆ ಸಕ್ಕರೆಯ ಕಣಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಕೊಬ್ಬು ಬೇರೆಯಾಗುತ್ತದೆ. ಹನಿ ನೀರಿನಿಂದ ಕೆಟ್ಟದ್ದು ಹೆಚ್ಚು ನೀರಿನಿಂದ ಸರಿಯಾಗುತ್ತದೆ ಎಂದರೆ ಮೊದಲು ಯಾರೂ ನಂಬುವುದಿಲ್ಲ. 200 ಗ್ರಾಂ ಚಾಕೊಲೇಟು ಮುದ್ದೆಯಾಗಿದ್ದರೆ 100 ಮಿಲಿ ಬಿಸಿ ಕ್ರೀಮನ್ನು (ಅದರಲ್ಲೂ ಹೆಚ್ಚಿನದು ನೀರೇ) ಸ್ವಲ್ಪ ಸ್ವಲ್ಪವಾಗಿ ಹಾಕಿ ಜೋರಾಗಿ ಕಲಕಿ. ನೀವು ನೋಡನೋಡುತ್ತಲೇ ಮತ್ತೆ ರೇಷ್ಮೆಯಂತಾಗುತ್ತದೆ.

ಈಗ ಅದು ಗಟ್ಟಿ ಚಾಕೊಲೇಟಾಗಿ ಕೂರುವುದಿಲ್ಲ, ಅದ್ದಲಿಕ್ಕೂ ಬರುವುದಿಲ್ಲ. 200 ಗ್ರಾಂ ಮಾರಿ ಬಿಸ್ಕತ್ತು ಪುಡಿ ಮಾಡಿ ಸೇರಿಸಿ, ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು ಉಂಡೆ ಕಟ್ಟಿ, ಒಣ ಕೊಬ್ಬರಿ ತುರಿಯಲ್ಲಿ ಹೊರಳಿಸಿ. ಒಂದು ವರ್ಷ ನನ್ನ ಅರ್ಧ ಕಿಲೋ ಡಾರ್ಕ್ ಚಾಕೊಲೇಟು ಹೀಗೆ ಕೈಕೊಟ್ಟು, ಆ ಸಂಜೆ ಮಾಡಿದ ಉಂಡೆಗಳೇ ಈಗ ನಮ್ಮ ತಟ್ಟೆಯ ಕಾಯಂ ತಿಂಡಿಯಾಗಿವೆ. ಆದರೆ ಸುಟ್ಟ ವಾಸನೆ ಬಂದಿದ್ದರೆ ಅದಕ್ಕೆ ಮದ್ದಿಲ್ಲ, ಚೆಲ್ಲಿ.

## ತಟ್ಟೆಗೆ ಏನೇನು

ಎಲ್ಲಕ್ಕಿಂತ ಸುಲಭದ್ದು ಒಂದೇ ಒಂದು ಹೇಳಿ, ಸಾಕು.

ಚಾಕೊಲೇಟ್ ಬಾರ್ಕ್. ಮರದ ತೊಗಟೆಯಂತೆ ಒರಟಾಗಿ ಮುರಿದ ಹಾಳೆ ಅಷ್ಟೆ. 400 ಗ್ರಾಂ ಡಾರ್ಕ್ ಕಾಂಪೌಂಡ್ ಕರಗಿಸಿ, ಬಟರ್ ಪೇಪರ್ ಹಾಸಿದ 25ರಿಂದ 30 ಸೆಂಟಿಮೀಟರಿನ ತಟ್ಟೆಗೆ ಹೊಯ್ದು ಹರಡಿ. ನಾಲ್ಕು ಮಿಲಿಮೀಟರ್ ದಪ್ಪ ಬಂದರೆ ಚೆನ್ನ. ತೆಳ್ಳಗಾದರೆ ಕೈಯಲ್ಲೇ ಕರಗುತ್ತದೆ, ದಪ್ಪವಾದರೆ ಅಜ್ಜಿಯರ ಹಲ್ಲಿಗೆ ಕಷ್ಟ. ಎರಡು ಮೂರು ನಿಮಿಷ ಬಿಟ್ಟು, ಮೇಲ್ಮೈ ಮಂಕಾಗುವ ಮೊದಲು ಕೆಂಪು ಹಸಿರು ಜೆಮ್ಸ್, ಟೂಟಿ ಫ್ರೂಟಿ, ಜಜ್ಜಿದ ಕಡಲೆಕಾಯಿ ಚಿಕ್ಕಿ ಉದುರಿಸಿ ಮೆಲ್ಲಗೆ ಒತ್ತಿ. ಫ್ರಿಜ್ಜಿನಲ್ಲಿ 15 ನಿಮಿಷ ಸಾಕು. ಆಮೇಲೆ ಚಾಕು ಹಾಕಬೇಡಿ, ಕೈಯಲ್ಲೇ ಮುರಿಯಿರಿ. ವಕ್ರ ತುಂಡುಗಳೇ ಇದರ ಚೆಂದ.

ಚಿಕ್ಕಿಯನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಬಸವನಗುಡಿಯ ಕಡಲೆಕಾಯಿ ಪರಿಷೆ ಬರುವುದು ಕಾರ್ತಿಕ ಮಾಸದ ಕೊನೆಯ ಸೋಮವಾರ. ಅಂದರೆ ಕ್ರಿಸ್‌ಮಸ್ಸಿಗೆ ಕೆಲವೇ ವಾರ ಮೊದಲು ಊರೆಲ್ಲ ಹೊಸ ಕಡಲೆಕಾಯಿ. ಹುರಿದ ಹೊಸ ಕಾಳಿನ ರುಚಿ ಡಾರ್ಕ್ ಚಾಕೊಲೇಟಿಗೆ ಕೂಡಿದಷ್ಟು, ಹೊರದೇಶದ ಯಾವ ದುಬಾರಿ ಬೀಜವೂ ಕೂಡುವುದಿಲ್ಲವೆಂದು ನನ್ನ ಅಭಿಪ್ರಾಯ.

ಮಕ್ಕಳು ಒಲೆ ಹತ್ರಾನೇ ಬರಬಾರದು. ಅವರಷ್ಟಕ್ಕೆ ಮಾಡೋ ಹಾಗಿರೋದು ಏನಿದೆ ಆಂಟಿ?

ಕಿಟ್‌ಕ್ಯಾಟ್ ಜಾರುಬಂಡಿ, ಅಂದರೆ ಸಾಂತಾ ಹಿಮದ ಮೇಲೆ ಬರುವ ಗಾಡಿ. ನಾಲ್ಕು ಕಡ್ಡಿಯ ಕಿಟ್‌ಕ್ಯಾಟ್ ಮಂಚ, ಅದರ ಕೆಳಗೆ ಆಚೆ ಈಚೆ ಎರಡು ಕ್ಯಾಂಡಿ ಕೇನ್ (ಊರುಗೋಲಿನಂತೆ ಬಾಗಿದ ಪೆಪ್ಪರ್‌ಮಿಂಟ್ ಕಡ್ಡಿ), ಮೇಲೆ ಮಡಿಸಿದ ಕಾಗದದಲ್ಲಿರುವ ಸಣ್ಣ ಚಾಕೊಲೇಟುಗಳ ಮೂಟೆ. ರ‍್ಯಾಪರ್ ಬಿಚ್ಚದೆ ಅಂಟಿಸಿದರೆ ಕೊಟ್ಟವರ ಮನೆಯಲ್ಲಿ ಒಂದೊಂದಾಗಿ ತಿನ್ನಬಹುದು, ಕೊಳೆಯೂ ಆಗದು. ಎರಡು ಬದಿ ಅಂಟಿನ ಟೇಪು, ಒಂದು ಕೆಂಪು ರಿಬ್ಬನ್ ಸಾಕು.

ಇನ್ನೊಂದು, ಮಾರಿ ಬಿಸ್ಕತ್ತಿನ ಮುಖಗಳು. ದೊಡ್ಡವರು ಬಿಳಿ ಚಾಕೊಲೇಟು ಕರಗಿಸಿ ಆರಿಸಿ ಕೊಟ್ಟರೆ ಮಕ್ಕಳು ಅರ್ಧ ಬಿಸ್ಕತ್ತಿಗೆ ಅದನ್ನು ಗಡ್ಡದಂತೆ ಬಳಿದು, ಜೆಮ್ಸ್‌ನ ಮೂಗಿಟ್ಟು ಸಾಂತಾ ಮಾಡುತ್ತಾರೆ. ಮಾರ್ಷ್‌ಮೆಲ್ಲೊ ಮೂರನ್ನು ಒಂದರ ಮೇಲೊಂದು ಅಂಟಿಸಿದರೆ ಹಿಮದ ಗೊಂಬೆ. ಪೋಣಿಸಲು ಹಲ್ಲುಕಡ್ಡಿ ಬಳಸಬೇಡಿ, ತಿನ್ನುವಾಗ ಮರೆತು ಗಂಟಲಿಗೆ ಚುಚ್ಚಿಕೊಂಡಾರು. ಕರಗಿದ ಬಿಳಿ ಚಾಕೊಲೇಟೇ ಗೋಂದು.

ರೈಸ್ ಕ್ರಿಸ್ಪೀಸ್ ಹಾಕ್ರಿ ಅಂತ ಎಲ್ಲಾ ಕಡೆ ಬರದಿರ್ತಾರ. ನಮ್ಮ ಹುಬ್ಬಳ್ಳ್ಯಾಗ ಚುರುಮುರಿ ಅದ. ಅದನ್ನ ಹಾಕಿದ್ರ ನಡೀತದೇನ್ರೀ?

ನಡೆಯುತ್ತದೆ, ಬಹಳ ಚೆನ್ನಾಗಿ ನಡೆಯುತ್ತದೆ. ನೀವು ಚುರುಮುರಿ ಅನ್ನಿ, ದಾವಣಗೆರೆಯವರು ಮಂಡಕ್ಕಿ ಅನ್ನಲಿ, ಮೈಸೂರಿನವರು ಪುರಿ ಅನ್ನಲಿ, ಒಂದೇ ಷರತ್ತು: ಅದು ಗರಿಗರಿ ಇರಬೇಕು. ಅಗಲ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಐದು ನಿಮಿಷ ಹುರಿಯಿರಿ. ಎರಡು ಬೆರಳ ನಡುವೆ ಒತ್ತಿದರೆ ಪುಡಿಯಾಗಬೇಕು. ಪೂರ್ತಿ ಆರಿದ ಮೇಲೆ ಬಳಸಿ.

5 ಸ್ಟಾರ್ ಬಾರುಗಳು ಒಟ್ಟು 200 ಗ್ರಾಂ, ಬೆಣ್ಣೆ 75 ಗ್ರಾಂ, ಹುರಿದ ಚುರುಮುರಿ 75 ಗ್ರಾಂ (ಹಗುರ ಪದಾರ್ಥ, ಐದಾರು ದೊಡ್ಡ ಲೋಟ ಆಗುತ್ತದೆ). ಬಾರುಗಳನ್ನು ಹೆಚ್ಚಿ ಬೆಣ್ಣೆಯೊಂದಿಗೆ ಬಹಳ ಸಣ್ಣ ಉರಿಯಲ್ಲಿ ಕರಗಿಸಿ. ಚಾಕೊಲೇಟು ಮೊದಲು ಕರಗಿ, ಒಳಗಿನ ಕ್ಯಾರಮೆಲ್ಲು, ನೂಗಾ ತಡವಾಗಿ ಬಿಡುತ್ತವೆ. ನಡುವೆ ಬೆಣ್ಣೆ ಒಡೆದಂತೆ ಕಾಣುತ್ತದೆ, ಗಾಬರಿಯಾಗದೆ ಕಲಕುತ್ತಿರಿ. ಒಲೆ ಆರಿಸಿ ಚುರುಮುರಿ ಸುರಿದು ಮೇಲೆ ಕೆಳಗೆ ಮಾಡಿ, ಬಟರ್ ಪೇಪರ್ ಹಾಸಿದ ತಟ್ಟೆಗೆ ಒತ್ತಿ. ತುಂಬ ಬಲವಾಗಿ ಒತ್ತಿದರೆ ಕಲ್ಲಾಗುತ್ತದೆ. ಮೇಲೆ 150 ಗ್ರಾಂ ಚಾಕೊಲೇಟು ಕರಗಿಸಿ ಹೊಯ್ದು, ಗಟ್ಟಿಯಾದ ಮೇಲೆ ಚೌಕ ಕತ್ತರಿಸಿ. ಚುರುಮುರಿಯಲ್ಲಿರುವ ಸಣ್ಣ ಉಪ್ಪು ಈ ಸಿಹಿಗೆ ಹದ ತರುತ್ತದೆ.

ಬಾಗಿಲಿಗೆ ಕಟ್ಟೋ ಹಸಿರು ಹಾರದ ಹಾಗೆ ತಿಂಡಿ ಮಾಡ್ತಾರಂತಲ್ಲ, ಅದು ಹೇಗೆ?

150 ಗ್ರಾಂ ಮಾರ್ಷ್‌ಮೆಲ್ಲೊ, 50 ಗ್ರಾಂ ಬೆಣ್ಣೆ ಸಣ್ಣ ಉರಿಯಲ್ಲಿ ಕರಗಿಸಿ, ಅರ್ಧ ಚಮಚ ಹಸಿರು ಜೆಲ್ ಬಣ್ಣ ಹಾಕಿ, 100 ಗ್ರಾಂ ಕಾರ್ನ್‌ಫ್ಲೇಕ್ಸ್ ಸೇರಿಸಿ. ಬಟರ್ ಪೇಪರಿನ ಮೇಲೆ ಚಮಚದಷ್ಟು ಹಾಕಿ, ಕೈಬೆರಳಿಗೆ ಎಣ್ಣೆ ಸವರಿಕೊಂಡು ನಡುವೆ ತೂತು ಮಾಡಿ. ಮೂರು ಕೆಂಪು ಜೆಮ್ಸ್ ಹಣ್ಣಿನ ಗೊಂಚಲಿನಂತೆ. ಮಿಶ್ರಣ ಬೇಗ ಬಿಗಿಯುತ್ತದೆ, ಆದ್ದರಿಂದ ಒಬ್ಬರು ಹಾಕುತ್ತಾ ಹೋದರೆ ಇನ್ನೊಬ್ಬರು ತೂತು, ಮೂರನೆಯವರು ಜೆಮ್ಸ್. ಮಕ್ಕಳಿಗೆ ಕೆಲಸ ಹಂಚಲು ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಇದನ್ನು ಫ್ರಿಜ್ಜಿನಲ್ಲಿಡಬೇಡಿ, ಮೆತ್ತಗಾಗುತ್ತದೆ.

ಹುಟ್ಟುಹಬ್ಬದಲ್ಲಿ ಉಳಿದ ಎಕ್ಲೇರ್ಸ್, ಹಾಲಿನ ಟಾಫಿ ಅರ್ಧ ಡಬ್ಬ ಇದೆ. ಏನಾದ್ರೂ ಆಗುತ್ತಾ?

100 ಗ್ರಾಂ ಟಾಫಿಗೆ ಎರಡು ದೊಡ್ಡ ಚಮಚ ಕ್ರೀಮ್ ಹಾಕಿ ಸಣ್ಣ ಉರಿಯಲ್ಲಿ ತಾಳ್ಮೆಯಿಂದ ಕರಗಿಸಿ, ದಪ್ಪ ಕ್ಯಾರಮೆಲ್ ಸಿಗುತ್ತದೆ. ಉಪ್ಪು ಬಿಸ್ಕತ್ತಿನ ಮೇಲೆ ಬಳಿದು, ಇನ್ನೊಂದು ಮುಚ್ಚಿ, ಕರಗಿಸಿದ ಚಾಕೊಲೇಟಿನಲ್ಲಿ ಅರ್ಧದವರೆಗೆ ಅದ್ದಿ. ಏಲಕ್ಕಿ ಟಾಫಿಯಾದರೆ ಇನ್ನೂ ರುಚಿ.

ಬಿಸ್ಕತ್ತಿನ ನಡುವೆ ಬಣ್ಣದ ಗಾಜಿನ ಹಾಗೆ ಕಾಣುತ್ತಲ್ಲ, ಅದನ್ನ ಮನೇಲಿ ಮಾಡಬಹುದಾ? ನಾನು ಪೋಲೋ ಪುಡಿ ಹಾಕಿದ್ದೆ, ಗಾಜಾಗಲೇ ಇಲ್ಲ.

ಮೈಸೂರಿನ ಸಂತ ಫಿಲೋಮಿನಾ ಚರ್ಚಿನೊಳಗೆ ಬಿಸಿಲು ಬಣ್ಣದ ಗಾಜಿನಿಂದ ಇಳಿಯುವುದನ್ನು ನೋಡಿದವರಿಗೆ ಈ ಬಿಸ್ಕತ್ತು ಯಾಕೆ ಇಷ್ಟವಾಗುತ್ತದೆ ಎಂದು ಹೇಳಬೇಕಾಗಿಲ್ಲ.

ಪೋಲೋ ಗಾಜಾಗದಿರಲು ಕಾರಣವಿದೆ. ಅದು ಸಕ್ಕರೆ ಪುಡಿಯನ್ನು ಮಾತ್ರೆಯಂತೆ ಒತ್ತಿ ಮಾಡಿದ್ದು. ಗಾಜಾಗುವುದು ಪಾಕ ಕಾಯಿಸಿ ಮಾಡಿದ ಗಟ್ಟಿ ಕ್ಯಾಂಡಿ ಮಾತ್ರ, ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುವಂಥದ್ದು. ಕೆಂಪು, ಹಸಿರು, ಕಿತ್ತಳೆ ಬೇರೆ ಬೇರೆಯಾಗಿ ಜಜ್ಜಿಟ್ಟುಕೊಳ್ಳಿ. ಹಿಟ್ಟಿಗೆ ಮೈದಾ ಮೂರು ಭಾಗ, ಬೆಣ್ಣೆ ಎರಡು, ಪುಡಿ ಸಕ್ಕರೆ ಒಂದು, ತೂಕದ ಲೆಕ್ಕದಲ್ಲಿ. ಕಲಸಿ ಅರ್ಧ ಗಂಟೆ ತಣ್ಣಗಿಟ್ಟು, ಲಟ್ಟಿಸಿ, ನಕ್ಷತ್ರ ಕತ್ತರಿಸಿ, ನಡುವೆ ಸಣ್ಣ ನಕ್ಷತ್ರ ತೆಗೆದುಬಿಡಿ. 170 ಡಿಗ್ರಿಯಲ್ಲಿ ಸುಮಾರು 10 ನಿಮಿಷ ಬೇಯಿಸಿ ಹೊರತೆಗೆದು, ತೂತಿಗೆ ಕ್ಯಾಂಡಿ ಪುಡಿ ತುಂಬಿ ಮತ್ತೆ ಮೂರು ನಾಲ್ಕು ನಿಮಿಷ. ಮೊದಲೇ ತುಂಬಿದರೆ ಸಕ್ಕರೆ ಗುಳ್ಳೆ ಬಂದು ಕಂದಾಗುತ್ತದೆ. ತಟ್ಟೆಯ ಮೇಲೇ ಪೂರ್ತಿ ಆರಲಿ, ಬಿಸಿಯಲ್ಲಿ ಎತ್ತಿದರೆ ಗಾಜು ಕೆಳಗೇ ಉಳಿಯುತ್ತದೆ. ಕರಗಿದ ಸಕ್ಕರೆ ಚರ್ಮಕ್ಕೆ ಅಂಟಿ ಸುಡುತ್ತದೆ, ಈ ಒಂದು ತಿಂಡಿಯಲ್ಲಿ ತುಂಬುವ ಕೆಲಸವೂ ದೊಡ್ಡವರದ್ದೇ.

## ಸಸ್ಯಾಹಾರ, ಸೆಕೆ, ಸುರಕ್ಷತೆ

ನಾವು ಸಸ್ಯಾಹಾರಿಗಳು. ಪಕ್ಕದ ಮನೆಯಿಂದ ಬಂದ ಮಾರ್ಷ್‌ಮೆಲ್ಲೊ ತಿಂಡಿ ತಿನ್ನಬಹುದಾ?

ಕೊಟ್ಟವರನ್ನು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ, ಕೊಡುವವರೂ ಕೇಳದೆಯೇ ಹೇಳಬೇಕು. ಮಾರ್ಷ್‌ಮೆಲ್ಲೊಗೆ ಆ ರಬ್ಬರಿನ ಮೆತುವು ಸಾಮಾನ್ಯವಾಗಿ ಬರುವುದು ಜೆಲಾಟಿನ್‌ನಿಂದ, ಜೆಲಾಟಿನ್ ಮಾಡುವುದು ಪ್ರಾಣಿಗಳ ಚರ್ಮ, ಮೂಳೆಗಳಿಂದ. ಅಂಟಂಟಾದ ಗಮ್ಮಿ ಕ್ಯಾಂಡಿಗಳೂ ಹಲವು ಹಾಗೇ. ನಮ್ಮ ದೇಶದ ಪ್ಯಾಕೆಟ್ಟುಗಳ ಮೇಲೆ ಗುರುತು ಕಡ್ಡಾಯ: ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ, ಕಂದು ಚೌಕದೊಳಗೆ ಕಂದು ತ್ರಿಕೋನ ಇದ್ದರೆ ಅಲ್ಲ. ಮೊಟ್ಟೆಯಿದ್ದರೂ ಕಂದು ಗುರುತೇ ಬರುತ್ತದೆ. ವಿದೇಶದಿಂದ ನೆಂಟರು ತಂದ ಪ್ಯಾಕೆಟ್ಟಿನಲ್ಲಿ ಈ ಗುರುತಿರುವುದಿಲ್ಲ, ಪದಾರ್ಥಗಳ ಪಟ್ಟಿ ಓದಬೇಕು. ಅಲ್ಲಿ ಕಾರ್ಮೈನ್ ಅಥವಾ 120 ಎಂಬ ಸಂಖ್ಯೆಯ ಕೆಂಪು ಬಣ್ಣವಿದ್ದರೆ ಅದು ಕೀಟದಿಂದ ತೆಗೆದದ್ದು.

ಜೆಲಾಟಿನ್ ಇಲ್ಲದ ಮಾರ್ಷ್‌ಮೆಲ್ಲೊ ಈಗ ದೊಡ್ಡ ಅಂಗಡಿಗಳಲ್ಲಿ ಸಿಗುತ್ತದೆ. ಬೀದಿಗೆಲ್ಲ ಹಂಚುವ ನಾನು ಅದನ್ನೇ ತರುತ್ತೇನೆ. ಕುಸ್ವಾರ್ ತಟ್ಟೆ ಜಾತಿ ಮತ ನೋಡದೆ ಮನೆಮನೆಗೆ ಹೋಗುವಂಥದ್ದು. ಅದರ ಜೊತೆಗಿಡುವುದನ್ನು ಒಬ್ಬರು ಅನುಮಾನದಿಂದ ತಿನ್ನುವಂತಾಗಬಾರದು.

ಇಲ್ಲಿ ಮಂಗಳೂರಲ್ಲಿ ಡಿಸೆಂಬರಲ್ಲೂ ಸೆಕೆ ಮಾರಾಯ್ತಿ. ಕ್ಯಾಂಡಿ ಕೇನ್ ಎರಡು ದಿನದಲ್ಲಿ ಅಂಟು ಅಂಟು ಆಗ್ತದೆ. ಎಂತ ಮಾಡುವುದು?

ಗಟ್ಟಿ ಕ್ಯಾಂಡಿ ಗಾಳಿಯಲ್ಲಿರುವ ನೀರನ್ನು ಹೀರುತ್ತದೆ, ಕಡಲ ತೀರದ ಗಾಳಿಯಲ್ಲಿ ಅದಕ್ಕೆ ಕೊರತೆಯೇ ಇಲ್ಲ. ಪ್ಲಾಸ್ಟಿಕ್ ಹೊದಿಕೆಯನ್ನು ಬಡಿಸುವ ದಿನವೇ ಬಿಚ್ಚಿ. ಜಜ್ಜುವುದಿದ್ದರೂ ಹೊದಿಕೆಯೊಳಗೇ ಜಜ್ಜಿ, ನೇರ ಚಾಕೊಲೇಟಿನ ಮೇಲೆ ಉದುರಿಸಿ. ಚಾಕೊಲೇಟಿನಲ್ಲಿ ಅರ್ಧ ಹೂತರೆ ಅಷ್ಟಾಗಿ ನೀರೊಡೆಯದು. ಕ್ಯಾಂಡಿ ಕೇನ್ ಸಿಗದಿದ್ದರೆ ಬಾರ್ಕಿಗೆ ಪೋಲೋ ಜಜ್ಜಿ ಹಾಕಿ. ಅದೇ ಪೆಪ್ಪರ್‌ಮಿಂಟಿನ ತಂಪು, ಬಿಳಿ ಚೂರು ಹಿಮದಂತೆ ಕಾಣುತ್ತದೆ.

ಫ್ರಿಜ್ಜಿನಿಂದ ತೆಗೆದ ಡಬ್ಬಿಯನ್ನು ಕೂಡಲೇ ತೆರೆಯಬೇಡಿ. ಅರ್ಧ ಗಂಟೆ ಹೊರಗಿಟ್ಟು ಕೋಣೆಯ ಬಿಸಿಗೆ ಬಂದ ಮೇಲೆ ತೆರೆದರೆ ಬೆವರುವುದಿಲ್ಲ, ಜೆಮ್ಸ್‌ನ ಬಣ್ಣವೂ ಇಳಿಯುವುದಿಲ್ಲ.

ಮಾಡಿಟ್ಟ ಚಾಕೊಲೇಟ್ ಮೇಲೆ ಬಿಳಿ ಬಿಳಿ ಬಂದಿದೆ. ಬೂಷ್ಟಾ?

ಬೂಷ್ಟಲ್ಲ, ತಿನ್ನಬಹುದು. ಬೆರಳಿಂದ ಉಜ್ಜಿದರೆ ಜಿಡ್ಡಾಗಿ ಕರಗಿ ಹೋದರೆ ಅದು ಶಾಖದ ಏರಿಳಿತಕ್ಕೆ ಮೇಲೆ ಬಂದ ಕೊಬ್ಬು. ಒರಟಾಗಿ ಸಕ್ಕರೆಯಂತೆ ಸಿಕ್ಕಿದರೆ ಅದು ಮೇಲೆ ನೀರು ಕೂತು ಒಣಗಿದ ಗುರುತು. ಎರಡರಲ್ಲೂ ಅಂದ ಕೆಡುತ್ತದೆಯೇ ಹೊರತು ಆರೋಗ್ಯವಲ್ಲ. ಕರಗಿಸಿ ಉಂಡೆಗೆ ಬಳಸಿ.

ಚಿಕ್ಕ ಮಕ್ಕಳಿಗೆ, ಸಕ್ಕರೆ ಕಾಯಿಲೆಯವರಿಗೆ ಕೊಡಬಹುದಾ?

ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಗಟ್ಟಿ ಕ್ಯಾಂಡಿ, ಇಡೀ ಮಾರ್ಷ್‌ಮೆಲ್ಲೊ, ಇಡೀ ಕಡಲೆಬೀಜ ಬೇಡವೇ ಬೇಡ, ಗಂಟಲಿಗೆ ಸಿಕ್ಕುತ್ತವೆ. ಅವರಿಗೆ ಬಿಸ್ಕತ್ತಿನ ಉಂಡೆ ಚೂರು ಮಾಡಿ ಕೊಡಿ. ಕಡಲೆಕಾಯಿ ಆಗದವರು ಇದ್ದಾರೆಯೇ ಎಂದು ಮೇಜಿಗೆ ಕೂರುವ ಮೊದಲೇ ಎಲ್ಲ ಮನೆಗಳಲ್ಲೂ ಕೇಳಿಕೊಳ್ಳಿ.

ಸಕ್ಕರೆ ಕಾಯಿಲೆಯವರಿಗೆ "ಶುಗರ್ ಫ್ರೀ" ಎಂದು ಬರೆದದ್ದನ್ನು ಧಾರಾಳವಾಗಿ ಕೊಡುವುದು ತಪ್ಪು. ಅದರಲ್ಲೂ ಹಿಟ್ಟಿನ ಅಂಶ, ಕೊಬ್ಬು ಇರುತ್ತವೆ. ಸಕ್ಕರೆಯ ಬದಲು ಮಾಲ್ಟಿಟಾಲ್ ಎಂಬ ಸಿಹಿಕಾರಕ ಹಾಕಿದ್ದನ್ನು ಹೆಚ್ಚು ತಿಂದರೆ ಹೊಟ್ಟೆ ಕೆಡುತ್ತದೆ. ನಮ್ಮ ಅತ್ತೆಗೆ ಹೆಚ್ಚು ಕೋಕೋ ಇರುವ ಡಾರ್ಕ್ ಬಾರ್ಕಿನ ಒಂದು ಸಣ್ಣ ತುಂಡು, ಬಾದಾಮಿ ಹೆಚ್ಚು ಹಾಕಿ, ಅವರ ಹೆಸರು ಬರೆದಿಡುತ್ತೇನೆ. ಮನೆಯಲ್ಲಿ ನಾಯಿಯಿದ್ದರೆ ತಟ್ಟೆ ಎತ್ತರದಲ್ಲಿರಲಿ: ಚಾಕೊಲೇಟು ಅದಕ್ಕೆ ವಿಷ, ಜೈಲಿಟಾಲ್ ಎಂಬ ಸಿಹಿಕಾರಕ ಇರುವ ಕ್ಯಾಂಡಿ ಇನ್ನೂ ಅಪಾಯ.

ಎಷ್ಟು ದಿನ ಮೊದಲೇ ಮಾಡಿಡಬಹುದು?

ಬಾರ್ಕ್ ಮೂರು ವಾರ, ಗಾಜಿನ ಬಿಸ್ಕತ್ತು ಮತ್ತು 5 ಸ್ಟಾರ್ ಚೌಕ ಒಂದು ವಾರ, ಕ್ರೀಮ್ ಹಾಕಿದ ಉಂಡೆ ಫ್ರಿಜ್ಜಿನಲ್ಲಿ ಐದು ದಿನ, ಕಾರ್ನ್‌ಫ್ಲೇಕ್ಸ್ ಹಾರ ಮೂರು ದಿನ. ಹಾರವನ್ನು 23ಕ್ಕೆ ಮೊದಲು ಮಾಡಬೇಡಿ.

## ಕೈ ಪಳಗಿದ ಮೇಲೆ

ಕಾಂಪೌಂಡ್ ಬೇಡ, ನಿಜವಾದ ಚಾಕೊಲೇಟೇ ಹೊಳೆಯೋ ಹಾಗೆ ಮಾಡ್ಬೇಕು. ಹೇಗೆ?

ಅದಕ್ಕೆ ಟೆಂಪರಿಂಗ್ ಮಾಡಬೇಕು. ಕೋಕೋ ಬೆಣ್ಣೆ ಹಲವು ಬಗೆಯ ಹರಳಾಗಿ ಗಟ್ಟಿಯಾಗಬಲ್ಲದು. ಅವುಗಳಲ್ಲಿ ಒಂದು ಬಗೆ ಮಾತ್ರ ಹೊಳಪು ಕೊಟ್ಟು, ಮುರಿದಾಗ ಟಕ್ಕೆಂದು ಸದ್ದು ಮಾಡುತ್ತದೆ. ಅಂಗಡಿಯ ಬಾರಿನಲ್ಲಿ ಅದೇ ಹರಳಿದೆ, ನಾವು ಪೂರ್ತಿ ಕರಗಿಸಿ ಅದನ್ನು ಅಳಿಸುತ್ತೇವೆ. ಆದ್ದರಿಂದ ಎಲ್ಲವನ್ನೂ ಕರಗಿಸಬೇಡಿ. ಡಾರ್ಕ್ ಚಾಕೊಲೇಟಿನ ಮೂರರಲ್ಲಿ ಎರಡು ಭಾಗ 45 ಡಿಗ್ರಿಗೆ ಕರಗಿಸಿ ಇಳಿಸಿ. ಉಳಿದ ಭಾಗವನ್ನು ಸಣ್ಣಗೆ ಹೆಚ್ಚಿ ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ಕಲಕಿ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಕರಗದ ಚಾಕೊಲೇಟಿನ ಒಳ್ಳೆಯ ಹರಳು ಕರಗಿದ್ದನ್ನೆಲ್ಲ ತನ್ನಂತೆ ಮಾಡುತ್ತದೆ. 31ರಿಂದ 32 ಡಿಗ್ರಿಗೆ ಇಳಿದಾಗ ಬಳಸಿ. ಹಾಲಿನ ಚಾಕೊಲೇಟಿಗೆ 29ರಿಂದ 30, ಬಿಳಿಯದಕ್ಕೆ 28ರಿಂದ 29.

ಚಾಕುವಿನ ತುದಿ ಅದ್ದಿ ಪಕ್ಕಕ್ಕಿಡಿ. ಐದು ನಿಮಿಷದಲ್ಲಿ ಹೊಳೆಯುತ್ತಾ ಗಟ್ಟಿಯಾದರೆ ಹದ ಬಂದಿದೆ. ಇದಕ್ಕೆ ಕೋಣೆ 20 ಡಿಗ್ರಿಯ ಆಸುಪಾಸಿರಬೇಕು. ಬೆಂಗಳೂರಿನ ಡಿಸೆಂಬರ್ ಬೆಳಗು ಇದಕ್ಕೆಂದೇ ಇದೆಯೇನೋ ಅನ್ನಿಸುತ್ತದೆ, ಏಳು ಗಂಟೆಗೆ ಕಿಟಕಿ ತೆರೆದು ಶುರು ಮಾಡುತ್ತೇನೆ. ಕರಾವಳಿಯವರಿಗೆ ಎಸಿ ಇಲ್ಲದೆ ಕಷ್ಟ.

ಬಿಳಿ ಚಾಕೊಲೇಟಿಗೆ ಕೆಂಪು ಬಣ್ಣ ಹಾಕಿದ ತಕ್ಷಣ ಗಂಟು ಗಂಟಾಯ್ತು. ಬಣ್ಣ ಹಳೇದಾ?

ಬಣ್ಣದಲ್ಲಿ ನೀರಿತ್ತು. ಚಾಕೊಲೇಟಿಗೆ ಎಣ್ಣೆಯಲ್ಲಿ ಕರಗುವ ಬಣ್ಣವೇ ಬೇಕು, ಬೇಕರಿ ಸಾಮಾನಿನ ಅಂಗಡಿಯಲ್ಲಿ ಚಾಕೊಲೇಟ್ ಬಣ್ಣವೆಂದೇ ಕೇಳಿ.

ಬಿಸ್ಕತ್ತು, ಕ್ಯಾಂಡಿಯಿಂದ ಮನೆ ಕಟ್ಟಿದ್ವಿ. ರಾತ್ರಿ ಕಳೆಯೋದರಲ್ಲಿ ಗೋಡೆ ಬಿತ್ತು.

ಭಾರ ಹೆಚ್ಚಾಗಿರಬೇಕು, ಇಲ್ಲವೇ ಅಂಟು ಒಣಗುವ ಮೊದಲೇ ಛಾವಣಿ ಹೇರಿದ್ದೀರಿ. ದುಂಡು ಮಾರಿ ಇದಕ್ಕೆ ಬಾರದು, ಗ್ಲೂಕೋಸ್ ಬಿಸ್ಕತ್ತಿನಂಥ ಆಯತವೇ ಇಟ್ಟಿಗೆ. ಗೋಡೆಗಳೊಳಗೆ ಹಾಲಿನ ಖಾಲಿ ರಟ್ಟಿನ ಡಬ್ಬಿ ಇಟ್ಟು ಅದಕ್ಕೇ ಒರಗಿಸಿ ಅಂಟಿಸಿದರೆ ಪುಟ್ಟ ಮಕ್ಕಳ ಮನೆಯೂ ನಿಲ್ಲುತ್ತದೆ. ಗಾರೆಗೆ ಮೊಟ್ಟೆಯ ಬಿಳಿ, ಐಸಿಂಗ್ ಸಕ್ಕರೆಯ ಲೇಪವೇ ಗಟ್ಟಿ. ಆದರೆ ಹಸಿ ಮೊಟ್ಟೆ ಮಕ್ಕಳ ಬಾಯಿಗೆ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಕರಗಿಸಿದ ಕಾಂಪೌಂಡ್ ಹಚ್ಚಿ, ಪ್ರತಿ ಗೋಡೆಯನ್ನೂ ಎರಡು ನಿಮಿಷ ಹಿಡಿದು ನಿಲ್ಲಿಸಿ, ನಾಲ್ಕು ಗೋಡೆ ನಿಂತು ಒಂದು ಗಂಟೆಯಾದ ಮೇಲೆ ಛಾವಣಿ. ಅಲಂಕಾರ ಛಾವಣಿಗಿಂತ ಗೋಡೆಯಲ್ಲಿ ಹೆಚ್ಚಿರಲಿ. ಜುಜುಬ್ಸ್ ಲಟ್ಟಿಸಿ ಎಲೆ ಕತ್ತರಿಸಿದರೆ ಬಾಗಿಲ ಮೇಲಿನ ತೋರಣ.

ನಾವು ಅಮೆರಿಕದಲ್ಲಿದ್ದೀವಿ, ತಂಗಿ ಮೆಲ್ಬರ್ನ್‌ನಲ್ಲಿ. ಇಲ್ಲಿ ಸಿಗೋದರಲ್ಲಿ ಏನು ಮಾಡೋದು?

ನಿಮ್ಮಲ್ಲಿ ಅಕ್ಟೋಬರ್ 31ರ ಹ್ಯಾಲೋವೀನ್ ಕ್ಯಾಂಡಿಯೇ ಮನೆ ತುಂಬ ಉಳಿದಿರುತ್ತದೆ. ಅಲ್ಲಿಯವರ ಒಂದು ತಿಂಡಿ ನನಗೆ ಬಲು ಇಷ್ಟ: ಪ್ರೆಟ್ಜೆಲ್ ಎಂಬ ಗಂಟಿನಾಕಾರದ ಉಪ್ಪು ಬಿಸ್ಕತ್ತಿನ ಮೇಲೆ ಒಂದು ರೋಲೊ (ಕ್ಯಾರಮೆಲ್ ತುಂಬಿದ ಚಾಕೊಲೇಟು) ಇಟ್ಟು, 250 ಡಿಗ್ರಿ ಫ್ಯಾರನ್‌ಹೀಟ್ ಓವನ್ನಿನಲ್ಲಿ ಮೂರರಿಂದ ಐದು ನಿಮಿಷ, ಮೆತ್ತಗಾದ ಕೂಡಲೇ ಮೇಲೊಂದು ಪೆಕಾನ್ ಬೀಜ ಒತ್ತುವುದು. ಅಂಗಡಿಯಲ್ಲಿ "ಆಲ್ಮಂಡ್ ಬಾರ್ಕ್" ಎಂದು ಸಿಗುವುದು ಬಾದಾಮಿಯ ತಿಂಡಿಯೆಂದು ಕೊಳ್ಳಬೇಡಿ, ಅದು ಅಲ್ಲಿಯ ಕಾಂಪೌಂಡ್ ಸ್ಲ್ಯಾಬು.

ತಂಗಿಗೆ ಕ್ರಿಸ್‌ಮಸ್ ಬರುವುದೇ ಬೇಸಿಗೆಯಲ್ಲಿ. ಅಲ್ಲಿ "ವೈಟ್ ಕ್ರಿಸ್‌ಮಸ್" ಎಂಬ ತಿಂಡಿಯನ್ನು ಚುರುಮುರಿಯಂಥ ರೈಸ್ ಬಬಲ್ಸ್, ಹಾಲಿನ ಪುಡಿ, ಕೊಬ್ಬರಿ ತುರಿ, ಒಣಹಣ್ಣುಗಳಿಗೆ ಕರಗಿಸಿದ ಕೋಫಾ ಎಂಬ ಗಟ್ಟಿ ತೆಂಗಿನೆಣ್ಣೆ ಹೊಯ್ದು, ಓವನ್ನಿನಲ್ಲಿ ಬೇಯಿಸದೆಯೇ ಮಾಡುತ್ತಾರೆ. ಕೊಬ್ಬರಿ ಮಿಠಾಯಿ ತಿಂದು ಬೆಳೆದ ನಾಲಿಗೆಗೆ ಅದು ಪರಕೀಯ ಅನ್ನಿಸುವುದಿಲ್ಲ.

ಫ್ಲ್ಯಾಟಿನವರು ದುಡ್ಡು ಕೊಟ್ಟು ತಗೋತೀವಿ ಅಂತಿದ್ದಾರೆ ಮೇಡಂ. ಮಾರಬಹುದಾ?

ಮಾರಬಹುದು. ಆದರೆ ಮನೆಯಿಂದ ಮಾರುವವರಿಗೂ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು, ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು. ಪೊಟ್ಟಣದ ಮೇಲೆ ಏನೇನು ಹಾಕಿದೆ, ಎಂದು ಮಾಡಿದ್ದು, ಕಡಲೆಕಾಯಿ ಇದೆಯೇ ಎಂಬುದನ್ನು ಬರೆಯಿರಿ. ಹೆಸರಾಂತ ಚಾಕೊಲೇಟಿನ ಹೆಸರು, ಚಿಹ್ನೆಗಳನ್ನು ನಿಮ್ಮ ಲೇಬಲ್ಲಿನಲ್ಲಿ ದೊಡ್ಡದಾಗಿ ಹಾಕಿಕೊಳ್ಳಬೇಡಿ.

ಎಲ್ಲ ಮಾಡಿ ಆಯ್ತು. ಹಂಚುವಾಗ ಒಂದೇ ಡಬ್ಬಿಯಲ್ಲಿ ಜೋಡಿಸಬಹುದಾ?

ಪೆಪ್ಪರ್‌ಮಿಂಟ್ ಇರುವುದನ್ನು ಮಾತ್ರ ಬೇರೆ ಕಟ್ಟಿ. ಒಂದೇ ರಾತ್ರಿಯಲ್ಲಿ ಅದರ ವಾಸನೆ ನೆವ್ರಿಯ ಕೊಬ್ಬರಿ ಹೂರಣಕ್ಕೆ, ಗುಳಿಯೊಗೆ, ಉಂಡೆಗೆ ಎಲ್ಲಕ್ಕೂ ಹತ್ತುತ್ತದೆ. ತಟ್ಟೆಯ ಅಡಿಗೆ ಬಾರ್ಕಿನ ತುಂಡುಗಳು, ಅದರ ಮೇಲೆ ಚುರುಮುರಿ ಚೌಕ, ಬದಿಗೆ ಕುಸ್ವಾರ್, ಎಲ್ಲಕ್ಕಿಂತ ಮೇಲೆ ಗಾಜಿನ ನಕ್ಷತ್ರ. ರೋಸ್ ಕುಕ್ಕಿ ಒತ್ತಿದರೆ ಒಡೆಯುತ್ತದೆ, ಅದನ್ನು ಮುಚ್ಚಳ ಹಾಕುವ ಮೊದಲು ಕೊನೆಯಲ್ಲಿಡಿ. ತಟ್ಟೆ ಒಯ್ಯುವ ಮಗುವಿನ ಹೆಸರನ್ನು ಚೀಟಿಯಲ್ಲಿ ಬರೆದು ಅಂಟಿಸಿ, ಮಾಡಿದವರು ಯಾರೆಂದು ಆ ಮನೆಯವರಿಗೆ ಗೊತ್ತಾಗಲಿ.